ತೋಟಕ್ಕೆ ಕಲಿಯಲು ಬಂದವರು ಮತ್ತು ನಾವು: ಪದೇ ಪದೇ ಕೇಳುವ ಪ್ರಶ್ನೆಗಳು

ಮೂಡಿಗೆರೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಕೆಲವು ವರ್ಷಗಳಿಂದ ಹೊರದೇಶದ ಹುಡುಗ ಹುಡುಗಿಯರು ತೋಟ, ಕಾಡು, ಹಳ್ಳಿ ಬದುಕು ಕಲಿಯಬೇಕೆಂದು ಬಂದು ಒಂದೆರಡು ತಿಂಗಳು ನಮ್ಮ ಮನೆಯಲ್ಲಿ ಇದ್ದು ಹೋಗುತ್ತಾರೆ. ಅವರ ಬಗ್ಗೆ ಅಕ್ಕಪಕ್ಕದ ತೋಟದವರು, ನೆಂಟರು, ಸಕಲೇಶಪುರದ ಕಡೆ ಹೊಸದಾಗಿ ಹೋಂಸ್ಟೇ ಶುರು ಮಾಡಿದವರು ಕೇಳಿದ್ದನ್ನೇ ಕೇಳುತ್ತಾರೆ. ನೆಟ್‌ವರ್ಕ್ ಸಿಗುವ ಗುಡ್ಡದ ಮೇಲೆ ನಿಂತು ಒಂದೇ ಉತ್ತರವನ್ನು ಹತ್ತು ಸಲ ಹೇಳಿ ಸಾಕಾಯಿತು. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಎಲ್ಲದಕ್ಕೂ "ಯಾಕೆ, ಯಾಕೆ" ಅಂತಾರಲ್ಲ, ನಮ್ಮ ಮಾತಿನ ಮೇಲೆ ನಂಬಿಕೆ ಇಲ್ಲವಾ?

ನಂಬಿಕೆ ಇರುವುದಕ್ಕೇ ಕೇಳುತ್ತಾರೆ. ಜರ್ಮನಿ, ನೆದರ್ಲೆಂಡ್ಸ್, ಅಮೆರಿಕದ ಶಾಲೆಗಳಲ್ಲಿ ಪ್ರಶ್ನೆ ಕೇಳುವ ಹುಡುಗನ ಮನಸ್ಸು ಪಾಠದ ಮೇಲೆ ಇದೆ ಅಂತ ಲೆಕ್ಕ. ನಮ್ಮಲ್ಲಿ ದೊಡ್ಡವರ ಮಾತಿನ ನಡುವೆ ಬಾಯಿ ಹಾಕಿದರೆ ಅಧಿಕಪ್ರಸಂಗಿ ಅಂತ ಲೆಕ್ಕ. ಎರಡೂ ಮರ್ಯಾದೆಯೇ, ತೋರಿಸುವ ರೀತಿ ಬೇರೆ.

ಇದು ನನಗೆ ಅರ್ಥವಾಗಿದ್ದು ನಾಲ್ಕು ಗಿಡ ಹೋದ ಮೇಲೆ. ಕಸಿ ನಡೆಯುತ್ತಿತ್ತು. (ಪೇಟೆಯವರಿಗೆ ಕಸಿ ಅಂದರೆ ಮಾವಿನ ಕಸಿ. ತೋಟದಲ್ಲಿ ಕಸಿ ಅಂದರೆ ಕಾಫಿ ಗಿಡದ ಬೇಡದ ರೆಕ್ಕೆ, ಅಂದರೆ ಅಡ್ಡಕೊಂಬೆ, ತೆಗೆದು ಒಳಗೆ ಗಾಳಿ ಬೆಳಕು ಆಡುವ ಹಾಗೆ ಮಾಡುವುದು.) ನಮ್ಮ ಮೇಸ್ತ್ರಿ ಮೂವತ್ತು ವರ್ಷದಿಂದ ಕಸಿ ಮಾಡುವವರು. ಪಕ್ಕದಲ್ಲಿ ನಿಂತಿದ್ದ ಡಚ್ ಹುಡುಗ ಒಂದೊಂದು ರೆಕ್ಕೆಗೂ "ಇದನ್ನು ಯಾಕೆ ತೆಗೆದಿರಿ, ಅದನ್ನು ಯಾಕೆ ಬಿಟ್ಟಿರಿ" ಅಂತ ಕೇಳಿದ. ಹತ್ತನೆಯದಕ್ಕೋ ಹನ್ನೊಂದನೆಯದಕ್ಕೋ ಮೇಸ್ತ್ರಿ ಕತ್ತರಿಯನ್ನು ಅವನ ಕೈಗೆ ಕೊಟ್ಟು, "ನೀನೇ ಮಾಡಪ್ಪ, ನಿಂಗೆ ಗೊತ್ತಲ್ಲ" ಅಂದರು. ಅದು ಸಿಟ್ಟಿನ ಮಾತು ಅಂತ ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಅವನಿಗೆ ಗೊತ್ತಾಗಲಿಲ್ಲ. ಗುರು ತನ್ನನ್ನು ನಂಬಿ ಕೆಲಸ ವಹಿಸಿದರು ಅಂದುಕೊಂಡು ಸಂತೋಷದಿಂದ ಸವರತೊಡಗಿದ. ನಾನು ಹೋಗಿ ನೋಡುವ ಹೊತ್ತಿಗೆ ನಾಲ್ಕು ಗಿಡ ಬೋಳು. ಮೇಸ್ತ್ರಿ ದೂರದಲ್ಲಿ ಬೀಡಿ ಸೇದುತ್ತ ಕೂತಿದ್ದರು.

ಈಗ ಮೊದಲ ದಿನವೇ ಇಬ್ಬರಿಗೂ ಹೇಳಿಬಿಡುತ್ತೇನೆ. ಹುಡುಗರಿಗೆ: ಬೆಳಿಗ್ಗೆ ನೋಡಿ, ಪ್ರಶ್ನೆಗಳನ್ನು ಸಂಜೆ ಕಾಫಿಗೆ ಇಟ್ಟುಕೊಳ್ಳಿ. ಮೇಸ್ತ್ರಿಗೆ: ಕತ್ತರಿ ಮಾತ್ರ ಕೊಡಬೇಡಿ.

ಇನ್ನು ಕೆಲವರು ಬಾಯೇ ಬಿಡುವುದಿಲ್ಲ. ಆಸಕ್ತಿ ಇಲ್ಲವೇನೋ?

ಎಲ್ಲಿಂದ ಬಂದವರು ಅಂತ ಮೊದಲು ನೋಡಿ. ಜಪಾನಿನ ಕುಶಲಕರ್ಮಿಗಳಲ್ಲಿ "ನೋಡಿ ಕದಿಯುವುದು" ಅನ್ನುವ ಮಾತೇ ಇದೆ. ಗುರು ಬಿಡಿಸಿ ಹೇಳುವುದಿಲ್ಲ, ಶಿಷ್ಯ ಕೇಳುವುದಿಲ್ಲ, ಕಣ್ಣಲ್ಲೇ ಕೆಲಸ ಕದಿಯಬೇಕು. ನಮಗೆ ಇದೇನು ಹೊಸದಲ್ಲ. ಮದುವೆ ಅಡುಗೆ ಭಟ್ಟರ ಜೊತೆ ಹೋಗುವ ಹುಡುಗನಿಗೆ ಯಾರಾದರೂ ಹುಳಿಯ ಅಳತೆ ಹೇಳಿದ್ದನ್ನು ನೋಡಿದ್ದೀರಾ? ಎರಡು ವರ್ಷ ತರಕಾರಿ ಹೆಚ್ಚಿ, ಕೊಪ್ಪರಿಗೆ ತೊಳೆದು, ಒಂದು ದಿನ ಭಟ್ಟರಿಗೆ ಜ್ವರ ಬಂದಾಗ ಅವನೇ ಮಾಡುತ್ತಾನೆ.

ನಮ್ಮ ಆಳುಗಳಿಗೆ ಎಲ್ಲಾ ಗೊತ್ತು, ಆದರೆ ಹೇಳೋಕೆ ಬರಲ್ಲ. ಇಂಥವರಿಂದ ಬಂದವರು ಏನು ಕಲಿಯುತ್ತಾರೆ?

"ಹೇಳೋಕೆ ಬರಲ್ಲ" ಅನ್ನುವುದು ಕೊರತೆ ಅಂತ ನಾನೂ ಅಂದುಕೊಂಡಿದ್ದೆ. ಬೋರರ್ ಟ್ರೇಸಿಂಗ್ (ಕಾಂಡಕೊರಕ ಹುಳ ಹಿಡಿದ ಗಿಡ ಹುಡುಕುವ ಕೆಲಸ) ದಿನ ಆ ಅಭಿಪ್ರಾಯ ಬಿಟ್ಟೆ.

ಅರೇಬಿಕಾ ಕಾಫಿ ಬೆಳೆಯುವವರಿಗೆ ಬಿಳಿ ಕಾಂಡಕೊರಕದ ಕಷ್ಟ ಹೇಳಬೇಕಾಗಿಲ್ಲ. ಹುಳ ಕಾಂಡದೊಳಗೆ ಸುರಂಗ ಕೊರೆಯುತ್ತದೆ, ಹೊರಗಿನಿಂದ ನೋಡಿದರೆ ಗಿಡ ಚೆನ್ನಾಗಿಯೇ ಇರುತ್ತದೆ. ಸಾಲು ಸಾಲಾಗಿ ನಡೆದು, ಹಿಡಿದ ಗಿಡ ಗುರುತಿಸಿ, ಕಿತ್ತು ಸುಡಬೇಕು. ನಮ್ಮಲ್ಲಿ ಇದಕ್ಕೆ ಒಬ್ಬ ಅಕ್ಕ ಇದ್ದಾರೆ. ಅವರು ಸಾಲಿನಲ್ಲಿ ನಡೆಯುವಾಗ ತಲೆ ಎತ್ತುವುದೇ ಇಲ್ಲ, ಕೈ ಮಾತ್ರ ಒಂದೊಂದು ಕಾಂಡ ಸವರುತ್ತಾ ಹೋಗುತ್ತದೆ. ತಟ್ಟನೆ ನಿಂತು "ಇದು" ಅನ್ನುತ್ತಾರೆ. ಹೇಗೆ ಗೊತ್ತಾಯಿತು ಅಂದರೆ, "ನೋಡಿದ್ರೆ ಗೊತ್ತಾಗುತ್ತಲ್ಲ!" ಅಷ್ಟೇ.

ಬಂದಿದ್ದ ಹುಡುಗಿ ಪುಸ್ತಕ ತೆಗೆದು ಎಲೆ ಹಳದಿ, ಕಾಂಡದ ಮೇಲೆ ಏಣು ಅಂತ ಲಕ್ಷಣ ಪಟ್ಟಿ ಮಾಡಿದಳು. ಪಟ್ಟಿ ಸರಿಯಾಗಿಯೇ ಇತ್ತು. ಆದರೆ ಪಟ್ಟಿ ಹಿಡಿದು ಹೊರಟವಳು ಪಾಚಿ ಕಟ್ಟಿದ ಹಳೇ ಗಿಡವನ್ನೆಲ್ಲ ರೋಗದ ಗಿಡ ಅಂದಳು. ಮೂರನೆಯ ದಿನ ಅಕ್ಕ ಅವಳ ಬೆರಳು ಹಿಡಿದು ಕಾಂಡದ ಮೇಲೆ ಇಟ್ಟು, ನಿಧಾನಕ್ಕೆ ಕೆಳಗೆ ಎಳೆದು, ಒಂದು ಕಡೆ ನಿಲ್ಲಿಸಿದರು. ಚರ್ಮದಡಿಯ ನರದ ಹಾಗೆ ಒಂದು ಉಬ್ಬು. ಒಬ್ಬರಿಗೊಬ್ಬರ ಭಾಷೆ ಬರುತ್ತಿರಲಿಲ್ಲ, ಬೇಕಾಗಲೂ ಇಲ್ಲ. ಮನುಷ್ಯನಿಗೆ ಬಾಯಲ್ಲಿ ಹೇಳಲು ಬರುವುದಕ್ಕಿಂತ ಗೊತ್ತಿರುವುದೇ ಹೆಚ್ಚು ಅಂತ ಹಂಗೇರಿಯಲ್ಲಿ ಹುಟ್ಟಿದ ಮೈಕೆಲ್ ಪೊಲಾನಿ ದೊಡ್ಡ ವಿಚಾರ ಕಟ್ಟಿದ್ದಾರೆ. ಅಕ್ಕನಿಗೆ ಅದರ ಸುದ್ದಿ ಗೊತ್ತಿಲ್ಲ.

ನಾವು ಹೂಂ ಅಂದರೆ ಅವರು ಒಪ್ಪಿಗೆ ಅಂದುಕೊಳ್ಳುತ್ತಾರೆ. ಏನು ಮಾಡೋದು?

ಇದರಿಂದ ನನಗೆ ನಷ್ಟವೇ ಆಗಿದೆ. ಒಬ್ಬರು ಫೋನಿನಲ್ಲಿ ಆರು ಜನ, ಹತ್ತು ದಿನ, ಇಷ್ಟು ರೇಟು ಅಂತ ಹೇಳುತ್ತಾ ಹೋದರು. ನಾನು ಹೂಂ, ಹೂಂ ಅನ್ನುತ್ತಾ ಹೋದೆ. ಅವರು ಬಂದೇಬಿಟ್ಟರು.

ನಮ್ಮಲ್ಲಿ ಕಥೆ ಹೇಳುವ ಅಜ್ಜಿಗೆ ಹೂಂಗುಟ್ಟುವವರು ಬೇಕು. ಹೂಂ ನಿಂತರೆ ಮಕ್ಕಳು ಮಲಗಿದವು ಅಂತ ಕಥೆಯೂ ನಿಲ್ಲುತ್ತದೆ. "ಕೇಳ್ತಾ ಇದೀನಿ, ಮುಂದೆ ಹೇಳು" ಅಂತಷ್ಟೇ ಅದರ ಅರ್ಥ. ಜಪಾನಿಯರಲ್ಲಿ ಇದಕ್ಕೆ ಐಜುಚಿ ಅಂತ ಹೆಸರೇ ಇದೆ. ಅವರ "ಹಾಯ್" (ಹೌದು) ಕೂಡ ಎಷ್ಟೋ ಸಲ ಒಪ್ಪಿಗೆಯಲ್ಲ, ಕೇಳಿಸಿಕೊಂಡೆ ಅಂತಷ್ಟೇ. ತಲೆಯ ಕಥೆ ಇನ್ನೂ ಮಜಾ. ಬಲ್ಗೇರಿಯಾದಲ್ಲಿ ತಲೆ ಮೇಲೆ ಕೆಳಗೆ ಆಡಿಸಿದರೆ ಇಲ್ಲ, ಅಡ್ಡಡ್ಡ ಆಡಿಸಿದರೆ ಹೌದು. ನಾವು ಆಡಿಸುವುದು ಮೇಲೂ ಅಲ್ಲ ಅಡ್ಡವೂ ಅಲ್ಲ.

ಲೆಕ್ಕದ ಮಾತನ್ನು ಬರೆದು ಕಳಿಸಿ. ಹೂಂ ಕಥೆಗೆ ಇರಲಿ.

ಚಿಕ್ಕ ಹುಡುಗಿ ನನ್ನನ್ನು ಹೆಸರು ಹಿಡಿದು ಕರೀತಾಳೆ, ನನ್ನ ವಯಸ್ಸು ಅರವತ್ತೈದು!

ಸ್ವೀಡನ್ನಿನವಳಾದರೆ ಬಿಟ್ಟುಬಿಡಿ. ಅಲ್ಲಿಯೂ ಹಿಂದೆ ಎದುರಿಗಿದ್ದವರನ್ನೇ ಹುದ್ದೆ, ಬಿರುದು ಸೇರಿಸಿ "ಡಾಕ್ಟರು ಏನು ತಗೋತಾರೆ" ಅನ್ನುವ ಪದ್ಧತಿ ಇತ್ತು. 1960ರ ದಶಕದ ಕೊನೆಗೆ ಅದು ಸಾಕು ಅಂತ ಎಲ್ಲರೂ ಎಲ್ಲರಿಗೂ ಏಕವಚನ ಶುರು ಮಾಡಿದರು. 1967ರಲ್ಲಿ ಅಲ್ಲಿನ ಸರ್ಕಾರಿ ವೈದ್ಯಕೀಯ ಇಲಾಖೆಯ ಮುಖ್ಯಸ್ಥ ಬ್ರೂರ್ ರೆಕ್ಸೆಡ್ ತನ್ನ ಕಚೇರಿಯವರನ್ನೆಲ್ಲ "ನೀನು" ಅಂತಲೇ ಕರೆಯುತ್ತೇನೆ ಅಂದದ್ದು ದೊಡ್ಡ ಸುದ್ದಿಯಾಗಿತ್ತು. ಕೊರಿಯಾದವರು ಇದಕ್ಕೆ ಪೂರ್ತಿ ಉಲ್ಟಾ. ಭೇಟಿಯಾದ ಕೂಡಲೇ ವಯಸ್ಸು ಕೇಳುತ್ತಾರೆ, ಯಾಕೆಂದರೆ ಅದು ಗೊತ್ತಾಗದೆ ಕ್ರಿಯಾಪದ ಹೇಗೆ ಮುಗಿಸಬೇಕು ಅಂತಲೇ ತಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ನಾನು ಮಾಡಿದ ಉಪಾಯ: ಬಂದ ದಿನವೇ ಅಣ್ಣ, ಅಕ್ಕ, ಅಜ್ಜಿ, ಮಾವ ಅನ್ನುವ ನಾಲ್ಕು ಶಬ್ದ ಕಲಿಸುವುದು. ಅಜ್ಜಿ ಅಂತ ಕರೆಸಿಕೊಂಡ ಮೇಲೆ ನಮ್ಮಮ್ಮ ಕಡುಬು ಒಂದು ಹೆಚ್ಚೇ ಹಾಕುತ್ತಾರೆ.

ಕಾಫಿ ಬೇಡ ಅಂದರೆ ನಿಜವಾಗಿಯೂ ಬೇಡವಾ?

ನಿಜವಾಗಿಯೂ ಬೇಡ. ನಮ್ಮ ಹಾಗೆ ಎರಡು ಸಲ ಬೇಡ ಅಂದು ಮೂರನೆಯ ಸಲಕ್ಕೆ "ಅರ್ಧ ಲೋಟ ಕೊಡಿ" ಅನ್ನುವವರಲ್ಲ. ಇರಾನಿನವರು ಬಂದರೆ ಮಾತ್ರ ಬಲವಂತ ಮಾಡಿ, ಅವರ ತಾರೋಫ್ ಉಪಚಾರ ನಮ್ಮದನ್ನೂ ಮೀರಿಸುತ್ತದೆ. ಇಥಿಯೋಪಿಯಾದಲ್ಲಿ ಕಾಫಿ ಅಂದರೆ ಎದುರಿಗೇ ಹುರಿದು, ಕುಟ್ಟಿ, ಒಂದೇ ಪುಡಿಗೆ ಮೂರು ಸುತ್ತು ಇಳಿಸುವುದು: ಅಬೋಲ್, ತೋನಾ, ಬರಕಾ. ಮೂರನೆಯದು ನೀರಾಗಿರುತ್ತದೆ, ಆದರೆ ಎದ್ದು ಹೋಗುವ ಹಾಗಿಲ್ಲ. ಊರಿನ ವ್ಯವಹಾರ, ಜಗಳ, ಬುದ್ಧಿಮಾತು ಎಲ್ಲ ಆ ಮೂರು ಸುತ್ತಿನೊಳಗೆ.

ಬೆಳಿಗ್ಗೆ ಬೆಳಿಗ್ಗೆ ನಾವು ಮಳೆ ಲೆಕ್ಕ ಹೇಳಿಕೊಳ್ಳೋದು ನೋಡಿ ನಗ್ತಾರಂತೆ?

ನಗುವುದಿಲ್ಲ, ಬೆರಗಾಗುತ್ತಾರೆ. ನಮ್ಮ ತಾತ ಬರೆದ ಮಳೆ ಪುಸ್ತಕ ಇನ್ನೂ ಮನೆಯಲ್ಲಿದೆ. ದಿನಾ ಬೆಳಿಗ್ಗೆ ರೈನ್‌ಗೇಜ್ ಬಗ್ಗಿಸಿ ಅಳೆದು ಇಂಚು, ಸೆಂಟಿನಲ್ಲಿ (ನೂರು ಸೆಂಟಿಗೆ ಒಂದು ಇಂಚು) ಬರೆದದ್ದು. ಆಮೇಲೆ ಫೋನು: "ನಿಮ್ಮಲ್ಲೆಷ್ಟು?" "ಒಂದು ಇಂಚು ಇಪ್ಪತ್ತು ಸೆಂಟು. ನಿಮ್ಮಲ್ಲಿ?" "ಏ, ಇಲ್ಲಿ ಮೂವತ್ತೇ ಸೆಂಟು ಮಾರಾಯ್ರೆ!" ಊಟ ಆಯ್ತಾ ಅನ್ನುವುದಕ್ಕಿಂತ ಮೊದಲು ಬರುವ ಕುಶಲ ಇದು.

ಫೆಬ್ರವರಿ ಮಾರ್ಚಿನಲ್ಲಿ ಈ ಲೆಕ್ಕಕ್ಕೆ ಜೀವವೇ ಬರುತ್ತದೆ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಇಂಚಿನ ಮೇಲೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗೆ. ಹತ್ತಿಪ್ಪತ್ತು ಸೆಂಟು ಮಾತ್ರ ಬಿದ್ದು ನಿಂತರೆ ಮೊಗ್ಗು ಕೆಡುತ್ತದೆ, ಸ್ಪ್ರಿಂಕ್ಲರ್ ಹೊತ್ತು ಓಡಬೇಕು. ಹಾಗಾಗಿ ಗುಡ್ಡದಾಚೆ ಎಷ್ಟು ಬಿತ್ತು ಅನ್ನುವುದು ಹರಟೆಯಲ್ಲ.

ಡಚ್ ಹುಡುಗ ಅದನ್ನೆಲ್ಲ ಮಿಲಿಮೀಟರಿಗೆ ತಿರುಗಿಸಿ, ಇಂಚಿಗೆ 25.4ರಂತೆ ಗುಣಿಸಿ, ಗ್ರಾಫ್ ಮಾಡಿ ಕೊಟ್ಟ. ಚೆನ್ನಾಗಿತ್ತು. ಅವನಿಗೆ ಅರ್ಥವಾಗದೆ ಉಳಿದದ್ದು ಒಂದೇ: "ಅವರೂ ಕಾಫಿ ಮಾರುವವರೇ ಅಲ್ಲವೇ, ಅವರಿಗೆ ಯಾಕೆ ಹೇಳುತ್ತೀರಿ?" ನನಗೂ ಉತ್ತರ ಹೊಳೆಯಲಿಲ್ಲ. ಮಳೆ ಯಾರಪ್ಪನದು?

ಬರೆದಿಡದ ವಿದ್ಯೆಯನ್ನು ಅವರು ವಿದ್ಯೆ ಅಂತ ಒಪ್ತಾರಾ?

ಹಿಂದೆ ಕಡಿಮೆ, ಈಗ ಒಪ್ಪುವವರು ಹೆಚ್ಚು. ಒಪ್ಪದವರಿಗೆ ಮವು ಪಿಯಾಲುಗ್ ಕಥೆ ಹೇಳಿ. ಪೆಸಿಫಿಕ್ ಸಾಗರದ ಸಟವಾಲ್ ಅನ್ನುವ ಚಿಕ್ಕ ದ್ವೀಪದವರು. 1976ರಲ್ಲಿ ಹೊಕುಲೇಆ ಎಂಬ ಜೋಡಿ ದೋಣಿಯನ್ನು ಹವಾಯಿಯಿಂದ ಟಹೀಟಿಗೆ, ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ದಿಕ್ಸೂಚಿ ಇಲ್ಲ, ನಕ್ಷೆ ಇಲ್ಲ, ನಕ್ಷತ್ರ, ಅಲೆ, ಹಕ್ಕಿ ನೋಡಿ ಮುಟ್ಟಿಸಿದರು. ಆ ವಿದ್ಯೆ ಮನೆತನದೊಳಗೇ ಇರಬೇಕಾದದ್ದು. ಆದರೆ ತನ್ನ ಊರಿನ ಹುಡುಗರು ಕಲಿಯುತ್ತಿಲ್ಲ ಅಂತ ಕಂಡು ಹವಾಯಿಯವರಿಗೆ ಕಲಿಸಿಕೊಟ್ಟರು. 2010ರಲ್ಲಿ ತೀರಿಕೊಂಡರು, ವಿದ್ಯೆ ಉಳಿಯಿತು.

ನಮ್ಮಲ್ಲೂ ಉದಾಹರಣೆಗೆ ಬರವಿಲ್ಲ. ಪಶ್ಚಿಮ ಆಫ್ರಿಕಾದ ಮಾಲಿ, ಗಿನಿ ಕಡೆ ಗ್ರಿಯೋ ಎಂಬ ಮನೆತನಗಳಿವೆ, ರಾಜರ, ಕುಟುಂಬಗಳ ತಲೆಮಾರುಗಳನ್ನು ಬಾಯಲ್ಲೇ ಹಾಡಿ ಉಳಿಸುವವರು. ಕೇಳಿದ ಕೂಡಲೇ ನಮ್ಮಮ್ಮ, "ಹೆಳವರು ಇದ್ದಂಗೆ" ಅಂದರು. ಸುಗ್ಗಿಯ ಹೊತ್ತಿಗೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬಂದು, ನಿಮ್ಮ ಮುತ್ತಾತನ ಮುತ್ತಾತ ಎಲ್ಲಿಂದ ಬಂದ ಅಂತ ಹೇಳಿ ಕಾಳು ಇಸಿದುಕೊಂಡು ಹೋಗುವವರು.

ಬಾಯಿಪಾಠದಲ್ಲಿ ತಪ್ಪು ನುಸುಳುವುದಿಲ್ಲವಾ ಅಂತ ಕೇಳಿದರೆ ಶೃಂಗೇರಿಗೆ ಕರೆದುಕೊಂಡು ಹೋಗಿ. ಅಲ್ಲಿ ವೇದವನ್ನು ಬಾಯಿಪಾಠ ಮಾಡುವ ಒಂದು ಕ್ರಮವಾದ ಘನಪಾಠ ಅಂದರೆ ಏನು ಅಂತ ನಾನು ಹುಡುಗರಿಗೆ ಕನ್ನಡದಲ್ಲೇ ತೋರಿಸುತ್ತೇನೆ. "ಮಳೆ ಬಂತು ಇಂದು" ಅನ್ನುವ ಮೂರು ಪದ ತಗೊಳ್ಳಿ: ಮಳೆ ಬಂತು, ಬಂತು ಮಳೆ, ಮಳೆ ಬಂತು ಇಂದು, ಇಂದು ಬಂತು ಮಳೆ, ಮಳೆ ಬಂತು ಇಂದು. ಹೀಗೆ ಹಿಂದೆ ಮುಂದೆ ಹೆಣೆದ ಮೇಲೆ ಒಂದು ಅಕ್ಷರ ಜಾರಿದರೂ ನಾಲಿಗೆ ಎಡವುತ್ತದೆ. ಕಂಪ್ಯೂಟರ್ ಓದಿದ ಹುಡುಗನೊಬ್ಬ "ಇದು ನಾವು ಡೇಟಾ ಕಳಿಸುವಾಗ ಮಾಡುವ ತಪಾಸಣೆಯೇ" ಅಂದ. ವೇದಪಠಣವನ್ನು ಯುನೆಸ್ಕೋ 2003ರಲ್ಲಿ ಮನುಕುಲದ ಪರಂಪರೆ ಅಂತ ಘೋಷಿಸಿತು. ಇದನ್ನು ಹೇಳುವಾಗ ಇನ್ನೊಂದು ಮಾತನ್ನೂ ಹೇಳಬೇಕು: ಇಷ್ಟು ಜೋಪಾನವಾಗಿ ಉಳಿಸಿದ ವಿದ್ಯೆಯನ್ನು ಬಹುಪಾಲು ಜನರ ಕಿವಿಗೆ ಬೀಳದ ಹಾಗೆಯೂ ಅಷ್ಟೇ ಜೋಪಾನ ಮಾಡಿದ್ದರು. ಬಂದವರು ಅದನ್ನೂ ಕೇಳುತ್ತಾರೆ. ಮುಚ್ಚಿಡಬೇಡಿ.

ಹಾಗಾದರೆ ನಮ್ಮ ಗುಟ್ಟುಗಳನ್ನು ಹೇಳಿಬಿಡಬೇಕಾ? ನಾಳೆ ಪೇಟೆಂಟ್ ಮಾಡಿಸಿಕೊಂಡರೆ?

ಭಯಕ್ಕೆ ಕಾರಣ ಇದೆ. 1995ರಲ್ಲಿ ಅಮೆರಿಕದಲ್ಲಿ ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಪೇಟೆಂಟ್ ಕೊಟ್ಟಿದ್ದರು! ನಮ್ಮ ಸಿಎಸ್‌ಐಆರ್ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ) ಹಳೆಯ ಗ್ರಂಥ, ಲೇಖನಗಳನ್ನು ಮುಂದಿಟ್ಟು ವಾದಿಸಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಗಮನಿಸಿ: ಗೆದ್ದದ್ದು ಬರೆದದ್ದು ಇದ್ದುದರಿಂದ. ಅಜ್ಜಿ ಹೇಳುತ್ತಿದ್ದರು ಅಂದಿದ್ದರೆ ಕಷ್ಟವಿತ್ತು. ಆ ಪಾಠದಿಂದಲೇ 2001ರಿಂದ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಶುರುವಾಯಿತು. 2002ರ ಜೀವವೈವಿಧ್ಯ ಕಾಯಿದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಒಂದು ಸಮಿತಿ ಇದ್ದು ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. ನಿಮ್ಮ ಪಂಚಾಯಿತಿಯಲ್ಲಿ ಹೋಗಿ ಕೇಳಿ, ಪುಸ್ತಕ ಬೀರುವಿನಲ್ಲಿ ಇರುತ್ತದೆ. ಬೀಗದ ಕೈ ಯಾರ ಹತ್ತಿರ ಅನ್ನುವುದು ಬೇರೆ ಪ್ರಶ್ನೆ.

ನಮ್ಮ ಕಡೆಯ ನಾಟಿ ವೈದ್ಯರಲ್ಲಿ ಇನ್ನೊಂದು ಕಟ್ಟುಪಾಡಿದೆ: ಸೊಪ್ಪಿನ ಹೆಸರು ಹೇಳಿದರೆ ಮದ್ದಿನ ಗುಣ ಹೋಗುತ್ತದೆ. ಒಬ್ಬ ಹುಡುಗಿ ಇದನ್ನು ಮೂಢನಂಬಿಕೆ ಅಂತ ಬರೆದುಕೊಂಡಳು. ನಾನು ಅವಳಿಗೆ ವೆನಿಸ್ಸಿನವರು 1291ರಲ್ಲಿ ಗಾಜಿನ ಕುಲುಮೆಗಳನ್ನೆಲ್ಲ ಮುರಾನೋ ದ್ವೀಪಕ್ಕೆ ಸಾಗಿಸಿದ್ದು, ಆಮೇಲೆ ಗಾಜಿನ ಕೆಲಸದವರು ಊರು ಬಿಟ್ಟು ಹೋಗದ ಹಾಗೆ ಕಾವಲು ಹಾಕಿದ್ದು ನೆನಪಿಸಿದೆ. ಸಾಗಿಸಿದ್ದಕ್ಕೆ ಹೇಳುವ ಕಾರಣ ಬೆಂಕಿಯ ಭಯ, ಆದರೆ ಗುಟ್ಟು ಕಾಯುವುದಕ್ಕೂ ಅದು ಚೆನ್ನಾಗಿಯೇ ಒದಗಿತು. ಅವರು ಕಾವಲುಗಾರರನ್ನು ಇಟ್ಟರು, ನಮ್ಮ ಅಜ್ಜ ನಂಬಿಕೆಯನ್ನು ಇಟ್ಟ.

ಆದರೆ ಗುಟ್ಟಿನ ಪರವಾಗಿ ತುಂಬ ಜೋರಾಗಿ ವಾದಿಸಲು ನಮ್ಮ ಜಿಲ್ಲೆಯವರಿಗೆ ಬಾಯಿಲ್ಲ. ಯೆಮೆನಿನವರು ಮೊಳಕೆ ಬರುವ ಕಾಫಿ ಬೀಜ ಹೊರಗೆ ಬಿಡುತ್ತಿರಲಿಲ್ಲವಂತೆ. ಬಾಬಾ ಬುಡನ್ ಅವರು 1670ರ ಸುಮಾರಿಗೆ ಏಳು ಬೀಜ ಬಚ್ಚಿಟ್ಟು ತಂದು ಗಿರಿಯ ಮೇಲೆ ಹಾಕಿದರು ಅನ್ನುವ ಕಥೆಯನ್ನು ನಾವೇ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. 1696ರಲ್ಲಿ ಡಚ್ಚರು ಮಲಬಾರಿನಿಂದ ಜಾವಾಕ್ಕೆ ಕಾಫಿ ಗಿಡ ಒಯ್ದರು. ಡಚ್ ಹುಡುಗನಿಗೆ ಇದನ್ನು ಹೇಳಿದಾಗ, "ಹಾಗಾದರೆ ಇಬ್ಬರೂ ಕಳ್ಳರೇ" ಅಂತ ನಕ್ಕ.

ಹಾಡು, ಕಥೆ ರೆಕಾರ್ಡ್ ಮಾಡಿಕೊಳ್ಳೋಕೆ ಬಿಡಬಹುದಾ?

ಹಾಡಿದವರನ್ನೇ ಕೇಳಿ. ಎರಡು ಸಲ ಕೇಳಿ: ರೆಕಾರ್ಡ್ ಮಾಡಲಾ ಅಂತ ಒಂದು ಸಲ, ಹೊರಗೆ ಹಾಕಲಾ ಅಂತ ಇನ್ನೊಂದು ಸಲ. ನಾನು ಒಂದೇ ಸಲ ಕೇಳಿದ್ದೆ.

ಲೈನಿನ ಮನೆಯ (ತೋಟದ ಕೆಲಸದವರ ಸಾಲುಮನೆಯ) ಅಜ್ಜಿ ಸೋಬಾನೆ ಹೇಳುವುದರಲ್ಲಿ ಎತ್ತಿದ ಕೈ. ಬಂದಿದ್ದವರು ಫೋನಿನಲ್ಲಿ ಹಿಡಿದರು, ಅಜ್ಜಿ ಖುಷಿಯಾಗಿಯೇ ಹಾಡಿದರು. ತಿಂಗಳ ಮೇಲೆ ಮೊಮ್ಮಗಳ ಫೋನಿನಲ್ಲಿ ಅದೇ ಹಾಡು ಬಂತು. ಮಾಸಿದ ಸೀರೆ, ಎಲೆಯಡಿಕೆ ಬಾಯಿ, ಹಿಂದೆ ಒಣಹಾಕಿದ ಬಟ್ಟೆ, ಎಲ್ಲಾ. "ಮದುವೆ ಮನೇಲಿ ಹಾಡೋದನ್ನ ಬೀದೀಲಿ ಹಾಕಿದ್ರಲ್ಲಪ್ಪಾ" ಅಂದರು ಅಷ್ಟೇ. ತೆಗೆಸಿದೆವು. ಆದರೆ ಆಮೇಲೆ ನಮ್ಮ ಮನೆಗೆ ಬಂದು ಅವರು ಹಾಡಿಲ್ಲ, ತಪ್ಪು ನನ್ನದು.

ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳಿಗೆ ಸಂಬಂಧಿಸಿದ ಕಾರ್ಯಕ್ರಮ ಟಿವಿಯಲ್ಲಿ ಬರುವ ಮೊದಲು, ಇದರಲ್ಲಿ ತೀರಿಹೋದವರ ಚಿತ್ರ, ದನಿ ಇರಬಹುದು ಅಂತ ಎಚ್ಚರಿಕೆ ಹಾಕುತ್ತಾರೆ. ಅಲ್ಲಿನ ಎಷ್ಟೋ ಸಮುದಾಯಗಳಲ್ಲಿ ಸತ್ತವರ ಹೆಸರು, ಮುಖ ಸ್ವಲ್ಪ ಕಾಲ ಎತ್ತುವ ಹಾಗಿಲ್ಲ. ಕೆಲವು ಕಥೆ ಗಂಡಸರಿಗೆ ಮಾತ್ರ, ಕೆಲವು ಹೆಂಗಸರಿಗೆ ಮಾತ್ರ. ಎಲ್ಲವೂ ಎಲ್ಲರಿಗೂ ಸಿಗಬೇಕು ಅನ್ನುವುದು ಒಳ್ಳೆಯ ಮಾತೇ. ಆದರೆ ಅದು ಕೂಡ ಒಂದು ಊರಿನ ಪದ್ಧತಿ, ಎಲ್ಲಾ ಊರಿನದಲ್ಲ.

ಬೇಲೂರಿಗೆ ಕರೆದುಕೊಂಡು ಹೋದರೆ ಏನು ತೋರಿಸಬೇಕು?

ಶಿಲಾಬಾಲಿಕೆಯರನ್ನು ಗೈಡ್ ತೋರಿಸುತ್ತಾರೆ. ನೀವು ಅವರ ಪಾದದ ಪೀಠ ತೋರಿಸಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂತ ಶಿಲ್ಪಿಗಳು ಹೆಸರು ಕೆತ್ತಿದ್ದಾರೆ, ಬಿರುದಿನ ಸಮೇತ. ಮಲ್ಲಿತಮ್ಮ ಅನ್ನುವ ಇನ್ನೊಬ್ಬ ಶಿಲ್ಪಿಯ ಹೆಸರು ನಮ್ಮ ತರೀಕೆರೆ ಕಡೆಯ ಅಮೃತಾಪುರದಲ್ಲೂ ಇದೆ, ದೂರದ ಸೋಮನಾಥಪುರದಲ್ಲೂ ಇದೆ. ಭಾರತದಲ್ಲಿ ಶಿಲ್ಪಿಗಳು ಹೆಸರು ಹಾಕುತ್ತಿರಲಿಲ್ಲ ಅಂತ ಓದಿಕೊಂಡು ಬಂದವರು ಇದನ್ನು ನೋಡಿ ಸುಮ್ಮನಾಗುತ್ತಾರೆ.

ಜಪಾನಿನವರು ಬಂದರೆ ಇಸೆ ದೇಗುಲದ ಮಾತು ಎತ್ತಿ. ಅದನ್ನು 20 ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹೊಸದಾಗಿ ಕಟ್ಟುತ್ತಾರೆ, 2013ರಲ್ಲಿ ಕಟ್ಟಿದ್ದು 62ನೆಯದು. ಮರ ಹಳೆಯದಾಗುವುದಿಲ್ಲ, ಬಡಗಿಯ ಕೈ ಮರೆಯುವುದಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಕಲ್ಲು ಹಾಗೇ ನಿಂತಿದೆ, ಹಾಗೆ ಕೆತ್ತುವ ಕೈ ಎಷ್ಟು ಉಳಿದಿವೆ ಅಂತ ಒಬ್ಬಳು ಕೇಳಿದಳು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಅದೇ ಸುತ್ತುತ್ತಿತ್ತು.

ಪುರುಸೊತ್ತಿದ್ದರೆ ಹಲ್ಮಿಡಿಗೂ ಹೋಗಿ ಬನ್ನಿ. ಸುಮಾರು 450ರ ಕನ್ನಡ ಶಾಸನ ಸಿಕ್ಕಿದ ಊರು. ಈಗ ಅಲ್ಲಿರುವುದು ನಕಲು, ಮೂಲ ಕಲ್ಲು ಮೈಸೂರಿನಲ್ಲಿದೆ.

ಅವರಿಂದ ನಮಗೇನಾದರೂ ಕಲಿಯೋದಿದೆಯಾ?

ಹೋದ ಮಳೆಗಾಲಕ್ಕೆ ಮುಂಚೆ ಇಂಡೋನೇಷ್ಯಾದ ಒಬ್ಬರು ಬಂದಿದ್ದರು. ಅವರು ಹೇಳಿದ ರೈತರ ಹೊಲದ ಶಾಲೆ ನನಗೆ ತುಂಬ ಹಿಡಿಸಿತು. ಅಲ್ಲಿ ಭತ್ತಕ್ಕೆ ಕಂದು ಜಿಗಿಹುಳ ಬಂತು, ಔಷಧಿ ಹೊಡೆದಷ್ಟೂ ಹೆಚ್ಚಾಯಿತು, ಯಾಕೆಂದರೆ ಹುಳ ತಿನ್ನುವ ಜೇಡಗಳೂ ಸಾಯುತ್ತಿದ್ದವು. 1986ರಲ್ಲಿ ಸರ್ಕಾರ ಭತ್ತಕ್ಕೆ 57 ಬಗೆಯ ಕೀಟನಾಶಕ ನಿಷೇಧಿಸಿತು. 1989ರಿಂದ ರೈತರು ವಾರಕ್ಕೊಮ್ಮೆ ಗದ್ದೆಯಲ್ಲೇ ಸೇರಿ, ಹುಳ ಎಣಿಸಿ, ದೊಡ್ಡ ಹಾಳೆಯ ಮೇಲೆ ಗಿಡ, ಹುಳ, ಜೇಡದ ಚಿತ್ರ ಬರೆದು, ಔಷಧಿ ಬೇಕೋ ಬೇಡವೋ ಅಂತ ಅವರೇ ತೀರ್ಮಾನಿಸಿದರು. ಹೇಳಿಕೊಡುವವರು "ಇದು ಯಾವ ಹುಳ" ಅಂದರೆ ಹೆಸರು ಹೇಳುತ್ತಿರಲಿಲ್ಲ. "ಎಲ್ಲಿ ಸಿಕ್ಕಿತು? ಏನು ತಿನ್ನುತ್ತಿತ್ತು?" ಅಂತ ತಿರುಗಿ ಕೇಳುತ್ತಿದ್ದರು.

ಇಲ್ಲೂ ನೋಡೋಣ ಅಂತ ಎಂಟು ಜನ ಬೆಳೆಗಾರರು ಸೇರಿದೆವು. ಮೊದಲ ವಾರ ಎಲ್ಲರೂ ಕೈಕಟ್ಟಿ ನಿಂತು "ಮೇಡಂ, ಯಾವ ಔಷಧಿ ಹೊಡೀಬೇಕು ಹೇಳಿ" ಅಂದರು. ಎರಡನೆಯ ವಾರ ಐದು ಜನ ಬಂದರು. ಮೂರನೆಯ ವಾರ ಬೋರರ್ ಅಕ್ಕನನ್ನು ಕರೆದುಕೊಂಡು ಬಂದೆ. ದೊಡ್ಡ ಹಾಳೆಯ ಮೇಲೆ ಗಿಡದ ಚಿತ್ರ ಬರೆಯಲು ಅವರು ಒಪ್ಪಲಿಲ್ಲ, ಆದರೆ ಯಾವ ಮರದ ನೆರಳು ತೆಗೆದ ಮೇಲೆ ಯಾವ ಸಾಲಿಗೆ ಹುಳ ಬಿತ್ತು ಅಂತ ಒಂದೊಂದಾಗಿ ಹೇಳುತ್ತಾ ಹೋದರು. ಬಿಸಿಲು ಬೀಳುವ ಕಡೆ ಕೊರಕ ಹೆಚ್ಚು ಅಂತ ಎಲ್ಲರೂ ಓದಿದ್ದೇ. ಆದರೆ ನಮ್ಮದೇ ತೋಟದ ಲೆಕ್ಕ ಅವರ ಬಾಯಿಂದ ಬಂದಾಗ ಐದೂ ಜನ ಪೆನ್ನು ತೆಗೆದರು.

ಅವರು ಬರೆದ ವರದಿ ನಮಗೆ ಸಿಗುತ್ತದಾ?

ಕೇಳಿದರೆ ಸಿಗುತ್ತದೆ, ಇಂಗ್ಲಿಷಿನಲ್ಲಿ. ಹೋಗುವ ಮುಂಚೆ ಎರಡು ಪುಟ ಕನ್ನಡದಲ್ಲಿ ಹೇಳಿಸಿ ಬರೆದುಕೊಳ್ಳಿ. ಹೋದ ಮೇಲೆ ಯಾರೂ ಮಾಡುವುದಿಲ್ಲ, ನಾವಾಗಿದ್ದರೂ ಮಾಡುತ್ತಿರಲಿಲ್ಲ.

ನಾವೂ ಬಂದು ನೋಡಬಹುದಾ?

ಬನ್ನಿ. ಸೆಪ್ಟೆಂಬರಿನಲ್ಲಿ ಮತ್ತೆ ಟ್ರೇಸಿಂಗ್ ಇದೆ, ಬೆಳಿಗ್ಗೆ ಎಂಟಕ್ಕೆ ಕಣದ ಹತ್ತಿರ ಸೇರುತ್ತೇವೆ. ಇಂಬಳ (ಜಿಗಣೆ) ಇರುತ್ತದೆ, ಉದ್ದದ ಕಾಲುಚೀಲ, ಸುಣ್ಣ ಅಥವಾ ಉಪ್ಪು ತನ್ನಿ. ಅಕ್ಕ ಕೆಲಸ ಮಾಡುವಾಗ ಮಾತಾಡಿಸಬೇಡಿ. ಹತ್ತೂವರೆಗೆ ಬೆಲ್ಲದ ಕಾಫಿ ಬರುತ್ತದೆ, ಏನು ಕೇಳುವುದಿದ್ದರೂ ಆಗ ಕೇಳಿ.